ಬಾಡಿಗೆ ಪ್ರಿಂಟರ್ ವಾಪಸ್ ಹೋಗುತ್ತಿದೆ, ಆಫ್ ಮಾಡಿ ಕೊಟ್ಟರೆ ಸಾಕಲ್ವಾ?

ಪ್ರಶ್ನೆ: ನಮ್ಮದು ಆಡಿಟರ್ ಆಫೀಸು. ಐದು ವರ್ಷದ ಹಿಂದೆ ಬಾಡಿಗೆಗೆ ತೆಗೆದುಕೊಂಡ ದೊಡ್ಡ ಮೆಷಿನ್ (ಝೆರಾಕ್ಸ್, ಸ್ಕ್ಯಾನ್, ಪ್ರಿಂಟ್ ಮೂರೂ ಒಂದರಲ್ಲೇ) ಮುಂದಿನ ತಿಂಗಳು ವಾಪಸ್ ಹೋಗುತ್ತಿದೆ. ಆಫ್ ಮಾಡಿದರೆ ಮೆಮೊರಿ ತಾನಾಗಿಯೇ ಖಾಲಿಯಾಗುತ್ತೆ ಅಂತ ಸರ್ವೀಸ್‌ಗೆ ಬರುವವರು ಹೇಳಿದ್ದಾರೆ. ಇನ್ನೇನಾದರೂ ಮಾಡಬೇಕಾ ಸರ್?

ಉತ್ತರ: ಮಾಡಬೇಕು. ಆಫ್ ಮಾಡಿದರೆ ಸಾಲದು.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತದೆ. ಒಮ್ಮೆ ಆಡಿಟರ್ ಕೇಳುತ್ತಾರೆ, ಒಮ್ಮೆ ನರ್ಸಿಂಗ್ ಹೋಮ್ ಮ್ಯಾನೇಜರ್, ಇನ್ನೊಮ್ಮೆ ಸಹಕಾರ ಸಂಘದ ಕಾರ್ಯದರ್ಶಿ. ಕೊನೆಗೆ ಎಲ್ಲರೂ "ಪ್ರಿಂಟರ್‌ನಲ್ಲಿ ಏನು ಉಳಿಯುತ್ತೆ ಬಿಡಿ" ಎನ್ನುತ್ತಾರೆ. ಈ ನಂಬಿಕೆ ಹೋಗದೆ ಬೇರೆ ಯಾವ ಸಲಹೆ ಕೊಟ್ಟರೂ ಉಪಯೋಗವಿಲ್ಲ. ಹಾಗಾಗಿ ಈ ಸಲ ಇದನ್ನೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಈ ನಂಬಿಕೆ ಒಂದು ಕಾಲದಲ್ಲಿ ನಿಜವೇ ಆಗಿತ್ತು. ಹಳೆಯ ಝೆರಾಕ್ಸ್ ಮೆಷಿನ್‌ಗಳಲ್ಲಿ ಗಾಜಿನ ಮೇಲಿಟ್ಟ ಹಾಳೆಗೆ ಬೆಳಕು ಬೀಳುತ್ತಿತ್ತು. ಆ ಬೆಳಕು ಕನ್ನಡಿಗಳ ಮೂಲಕ ನೇರವಾಗಿ ಡ್ರಮ್ ಮೇಲೆ ಬಿದ್ದು ಟೋನರ್ ಅಂಟುತ್ತಿತ್ತು. ಮಧ್ಯದಲ್ಲಿ ಹಾಳೆಯ ಚಿತ್ರ ಎಲ್ಲೂ ಫೈಲ್ ಆಗಿ ಉಳಿಯುತ್ತಿರಲಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವ ಸಣ್ಣ ಪ್ರಿಂಟರ್‌ಗಳಿಗೂ ಈ ಮಾತು ಹೆಚ್ಚುಕಡಿಮೆ ಒಪ್ಪುತ್ತದೆ. ಅವುಗಳಲ್ಲಿ ಪ್ರಿಂಟ್ ಆಗುವ ಪುಟ ಸಾಮಾನ್ಯವಾಗಿ ರ‍್ಯಾಮ್‌ನಲ್ಲಿ ಇರುತ್ತದೆ. ಕರೆಂಟ್ ಹೋದರೆ ಅದೂ ಹೋಗುತ್ತದೆ.

ನಿಮ್ಮ ಆಫೀಸಿನ ದೊಡ್ಡ ಮೆಷಿನ್ ಹಾಗಲ್ಲ. ಅದು ಒಂದು ಹಾಳೆಯ ಝೆರಾಕ್ಸ್ ತೆಗೆಯಬೇಕಾದರೂ ಮೊದಲು ಸ್ಕ್ಯಾನ್ ಮಾಡಿ ಫೈಲ್ ಮಾಡಿಕೊಳ್ಳುತ್ತದೆ, ಆಮೇಲೆ ಆ ಫೈಲನ್ನು ಪ್ರಿಂಟ್ ಮಾಡುತ್ತದೆ. ನಲವತ್ತು ಪುಟದ ಬ್ಯಾಲೆನ್ಸ್ ಶೀಟ್ ಐದು ಪ್ರತಿ ಬೇಕು, ಪುಟಗಳು ಕ್ರಮವಾಗಿ ಜೋಡಿಸಿ ಬರಬೇಕು ಎಂದರೆ ಅಷ್ಟನ್ನೂ ಎಲ್ಲಾದರೂ ಇಟ್ಟುಕೊಳ್ಳಲೇಬೇಕು. ಅದಕ್ಕಾಗಿಯೇ ಇಂಥ ಬಹುತೇಕ ಮೆಷಿನ್‌ಗಳ ಒಳಗೆ ಕಂಪ್ಯೂಟರ್‌ನಲ್ಲಿ ಇರುವಂಥದೇ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಇರುತ್ತದೆ. ಅದು ಕರೆಂಟ್ ಹೋದರೆ ಖಾಲಿಯಾಗುವ ವಸ್ತು ಅಲ್ಲ.

"ಕೆಲಸ ಮುಗಿದ ಮೇಲೆ ಮೆಷಿನ್ ಅದನ್ನು ಅಳಿಸುತ್ತೆ ಅಲ್ವಾ?" ಎಂದು ಕೆಲವರು ಕೇಳುತ್ತಾರೆ. ಅಳಿಸುವುದು ಎಂದರೆ ಏನು ಎಂಬುದರಲ್ಲೇ ತೊಂದರೆ ಇದೆ. ಸಾಮಾನ್ಯ ಡಿಲೀಟ್ ಮಾಡಿದಾಗ ಫೈಲ್ ಎಲ್ಲಿದೆ ಎಂಬ ಗುರುತು ಮಾತ್ರ ಹೋಗುತ್ತದೆ. ಪುಸ್ತಕದ ಪರಿವಿಡಿ ಹರಿದು ಹಾಕಿದರೂ ಒಳಗಿನ ಪುಟಗಳು ಇದ್ದ ಜಾಗದಲ್ಲೇ ಇರುತ್ತವೆ, ಇದೂ ಹಾಗೆಯೇ. ಆ ಜಾಗದ ಮೇಲೆ ಹೊಸದೇನಾದರೂ ಬರೆಯುವ ತನಕ ಹಳೆಯದನ್ನು ವಾಪಸ್ ತೆಗೆಯಬಹುದು. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಪುಕ್ಕಟೆಯಾಗಿ ಸಿಗುತ್ತದೆ.

ಇದು ನನ್ನ ಊಹೆ ಅಲ್ಲ. 2010ರಲ್ಲಿ ಅಮೆರಿಕದ ಸಿಬಿಎಸ್ ಸುದ್ದಿ ವಾಹಿನಿ ಇದನ್ನು ಮಾಡಿಯೇ ತೋರಿಸಿತು. ನ್ಯೂಜೆರ್ಸಿಯ ಒಂದು ಗೋದಾಮಿನಿಂದ ನಾಲ್ಕು ಹಳೆಯ ಮೆಷಿನ್ ಕೊಂಡರು. ಒಂದೊಂದರ ಬೆಲೆ ಸುಮಾರು 300 ಡಾಲರ್. ಡಿಸ್ಕ್‌ಗಳನ್ನು ತೆಗೆದು ಉಚಿತ ಸಾಫ್ಟ್‌ವೇರ್‌ನಿಂದ ಹುಡುಕಿದರು. ಒಂದು ಮೆಷಿನ್ ಬಫಲೋ ನಗರದ ಪೊಲೀಸರದು, ಅದರಲ್ಲಿ ಲೈಂಗಿಕ ಅಪರಾಧ ಪ್ರಕರಣಗಳ ಕಾಗದಗಳಿದ್ದವು. ಮತ್ತೊಂದರಲ್ಲಿ ಮಾದಕ ವಸ್ತು ದಾಳಿಗೆ ಗುರುತಿಸಿದವರ ಪಟ್ಟಿ ಇತ್ತು. ಮೂರನೆಯದು ಕಟ್ಟಡ ಕಂಪನಿಯದು. ಅದರಲ್ಲಿ ನೌಕರರ ಸಂಬಳದ ಚೀಟಿಗಳು, ಚೆಕ್ಕುಗಳ ಪ್ರತಿಗಳು ಸಿಕ್ಕವು. ನಾಲ್ಕನೆಯದು ಅಫಿನಿಟಿ ಹೆಲ್ತ್ ಪ್ಲಾನ್ ಎಂಬ ಆರೋಗ್ಯ ವಿಮೆ ಸಂಸ್ಥೆಯದು, ಅದರಲ್ಲಿ ರೋಗಿಗಳ ದಾಖಲೆಗಳು.

ಆ ವಿಮೆ ಸಂಸ್ಥೆ ಮಾಡಿದ ಮುಖ್ಯ ತಪ್ಪು ಇದು. ಬಾಡಿಗೆ ಮೆಷಿನ್‌ಗಳನ್ನು ಡಿಸ್ಕ್ ಅಳಿಸದೆ ವಾಪಸ್ ಕೊಟ್ಟಿತ್ತು. ನೀವು ಮುಂದಿನ ತಿಂಗಳು ಮಾಡಲು ಹೊರಟಿರುವುದೂ ಅದನ್ನೇ. ತಮ್ಮ ಲೆಕ್ಕದಲ್ಲಿ 3,44,579 ಜನರ ಮಾಹಿತಿ ಹೊರಗೆ ಹೋಗಿರಬಹುದು ಎಂದು ಅವರೇ ವರದಿ ಮಾಡಬೇಕಾಯಿತು. 2013ರಲ್ಲಿ ಅಮೆರಿಕದ ಆರೋಗ್ಯ ಇಲಾಖೆಗೆ 12,15,780 ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡರು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಜನರ ಮಾಹಿತಿಯನ್ನು ಕಾಪಾಡಲು ಸರಿಯಾದ ಕ್ರಮ ತೆಗೆದುಕೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ಮೆಷಿನ್ ಬಾಡಿಗೆಯದೇ ಇರಬಹುದು, ಅದರೊಳಗಿನ ಪ್ಯಾನ್ ಕಾರ್ಡ್, ಬ್ಯಾಂಕ್ ಸ್ಟೇಟ್‌ಮೆಂಟ್ ನಿಮ್ಮನ್ನು ನಂಬಿ ಬಂದವರದು.

"ನಮ್ಮ ಮೆಷಿನ್‌ನಲ್ಲಿ ಡಿಸ್ಕೇ ಇಲ್ಲ" ಎನ್ನುವವರಿಗೂ ಬಿಡುಗಡೆ ಇಲ್ಲ. ಡಿಸ್ಕ್ ಇಲ್ಲದ ಮೆಷಿನ್‌ನಲ್ಲೂ ಸೆಟ್ಟಿಂಗ್ ಇಟ್ಟುಕೊಳ್ಳುವ ಚಿಪ್ ಇರುತ್ತದೆ. ರಾತ್ರಿ ಆಫ್ ಮಾಡಿ ಬೆಳಗ್ಗೆ ಆನ್ ಮಾಡಿದಾಗ ಅದು ಮತ್ತೆ ನಿಮ್ಮ ವೈಫೈಗೆ ತಾನೇ ಸೇರಿಕೊಳ್ಳುತ್ತದೆ ಅಲ್ವಾ? ಪಾಸ್‌ವರ್ಡ್ ನೆನಪಿಲ್ಲದೆ ಹೇಗೆ ಸೇರಿಕೊಳ್ಳುತ್ತದೆ? ಅದೇ ಚಿಪ್‌ನಲ್ಲಿ ಅಡ್ರೆಸ್ ಬುಕ್ ಇದೆ. ಸ್ಕ್ಯಾನ್ ಮಾಡಿದ್ದನ್ನು ಇಮೇಲ್ ಮಾಡಲು ಕೊಟ್ಟ ಜಿಮೇಲ್ ಪಾಸ್‌ವರ್ಡ್ ಇದೆ. ಸ್ಕ್ಯಾನ್ ಫೈಲ್ ಹೋಗಿ ಬೀಳುವ ಕಂಪ್ಯೂಟರಿನ ಯೂಸರ್‌ನೇಮ್, ಪಾಸ್‌ವರ್ಡ್ ಇದೆ. ಕಾಗದಪತ್ರ ಹೋಗುವುದಕ್ಕಿಂತ ಈ ಪಾಸ್‌ವರ್ಡ್‌ಗಳು ಹೋಗುವುದೇ ನನಗೆ ಜಾಸ್ತಿ ಚಿಂತೆ. ಕಾಗದ ಹೋದರೆ ಹಳೆಯ ಮಾಹಿತಿ ಹೋಗುತ್ತದೆ. ಪಾಸ್‌ವರ್ಡ್ ಹೋದರೆ ಇವತ್ತಿನದೂ ಹೋಗುತ್ತದೆ.

ಹಾಗಾದರೆ ಮೆಷಿನ್ ವಾಪಸ್ ಕೊಡುವ ಮೊದಲು ಏನು ಮಾಡಬೇಕು? ಮೊದಲು ಅಗ್ರಿಮೆಂಟ್ ತೆಗೆದು ಡಿಸ್ಕ್ ಬಗ್ಗೆ ಏನಿದೆ ಎಂದು ಓದಿ. ಬೇರೆ ಡಿಸ್ಕ್ ಹಾಕಿಸಿಕೊಳ್ಳುವ ದುಡ್ಡು ಕೊಟ್ಟು ಹಳೆಯದನ್ನು ನಿಮ್ಮ ಬಳಿಯೇ ಉಳಿಸಿಕೊಳ್ಳಲು ಆಗುತ್ತದೆಯೇ ಎಂದು ಕೇಳಿ. ಎಲ್ಲಕ್ಕಿಂತ ಗಟ್ಟಿಯಾದ ದಾರಿ ಅದು. ಆಗದಿದ್ದರೆ ಮೆಷಿನ್‌ನ ಅಡ್ಮಿನ್ ಮೆನುವಿನಲ್ಲಿ ಡಿಸ್ಕ್ ಅಳಿಸುವ ಆಯ್ಕೆ ಹುಡುಕಿ. ಫ್ಯಾಕ್ಟರಿ ರೀಸೆಟ್ ಎನ್ನುವುದು ಬೇರೆ, ಡಿಸ್ಕ್ ಅಳಿಸುವುದು ಬೇರೆ. ಎಷ್ಟೋ ಮಾಡೆಲ್‌ಗಳಲ್ಲಿ ರೀಸೆಟ್ ಮಾಡಿದರೆ ಸೆಟ್ಟಿಂಗ್ ಮಾತ್ರ ಹೋಗುತ್ತದೆ, ಡಿಸ್ಕ್ ಹಾಗೆಯೇ ಇರುತ್ತದೆ. ಎರಡನ್ನೂ ಮಾಡಬೇಕು. ಹಾರ್ಡ್ ಡಿಸ್ಕ್ ಆದರೆ ಪೂರ್ತಿ ಜಾಗದ ಮೇಲೆ ಬೇರೆ ಡೇಟಾ ಬರೆದು ಅಳಿಸುವ ಆಯ್ಕೆ ಆರಿಸಿ, ಅದಕ್ಕೆ ಗಂಟೆಗಟ್ಟಲೆ ಬೇಕಾಗಬಹುದು. ಎಸ್‌ಎಸ್‌ಡಿಯಲ್ಲಿ ಹೀಗೆ ಮೇಲೆ ಬರೆಯುವುದು ನಂಬುವಂಥದಲ್ಲ. ಯಾವ ಜಾಗಕ್ಕೆ ಬರೆಯಬೇಕು ಎಂಬುದನ್ನು ಡಿಸ್ಕೇ ಬದಲಿಸುತ್ತಾ ಇರುತ್ತದೆ. ಅಲ್ಲಿ ಮೊದಲಿನಿಂದಲೂ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದಂತೆ ಡೇಟಾ ಬರೆದಿಡುವುದು) ಆನ್ ಇದ್ದರೆ ಆ ಕೀ ಅಳಿಸುವ ವಿಧಾನ ಸರಿ. ಕೆಲಸ ಮುಗಿದ ಮೇಲೆ ವರದಿ ಪ್ರಿಂಟ್ ಮಾಡುವ ಸೌಲಭ್ಯ ಇದ್ದರೆ ಅದನ್ನು ಪ್ರಿಂಟ್ ಮಾಡಿ, ಮೆಷಿನ್‌ನ ಸೀರಿಯಲ್ ನಂಬರ್ ಜೊತೆ ಫೈಲ್ ಮಾಡಿಡಿ.

ಇಷ್ಟಾದ ಮೇಲೂ ಮೆಷಿನ್‌ಗೆ ಕೊಟ್ಟಿದ್ದ ಪ್ರತಿ ಪಾಸ್‌ವರ್ಡನ್ನೂ ಬದಲಿಸಿ. ಜಿಮೇಲ್‌ಗೆ ಆಪ್ ಪಾಸ್‌ವರ್ಡ್ (ಇಂಥ ಮೆಷಿನ್‌ಗೆಂದೇ ಮಾಡುವ ಬೇರೆ ಪಾಸ್‌ವರ್ಡ್) ಮಾಡಿ ಕೊಟ್ಟಿದ್ದರೆ ಅದನ್ನು ನಿಮ್ಮ ಗೂಗಲ್ ಖಾತೆಗೆ ಹೋಗಿ ತೆಗೆದುಹಾಕಿ. ಅದು ನೀವು ತೆಗೆಯುವವರೆಗೂ ಹಾಗೆಯೇ ಇರಬಹುದು. ವೈಫೈ ಪಾಸ್‌ವರ್ಡನ್ನೂ ಮರೆಯಬೇಡಿ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿಗೆ ಮುಗಿಯಿತು. ಆದರೆ ಹೊಸ ಮೆಷಿನ್ ಬರುತ್ತದಲ್ಲ, ಅದಕ್ಕೆ ಮೊದಲ ದಿನವೇ ಸರಿಯಾಗಿ ಮಾಡಿಬಿಟ್ಟರೆ ಐದು ವರ್ಷ ಬಿಟ್ಟು ಇಷ್ಟು ಕಷ್ಟ ಇರುವುದಿಲ್ಲ. ಡಿಸ್ಕ್ ನಿಮಗೇ ಸೇರಬೇಕು ಅಥವಾ ನಿಮ್ಮ ಎದುರಿಗೇ ಅಳಿಸಬೇಕು ಎಂಬ ಸಾಲನ್ನು ಅಗ್ರಿಮೆಂಟ್‌ಗೆ ಸಹಿ ಹಾಕುವ ಮೊದಲೇ ಸೇರಿಸಿ. ಡಿಸ್ಕ್ ಎನ್‌ಕ್ರಿಪ್ಷನ್ ಮೊದಲ ದಿನವೇ ಆನ್ ಮಾಡಿಸಿ. ಎಷ್ಟೋ ಮೆಷಿನ್‌ಗಳಲ್ಲಿ ಅದನ್ನು ಆನ್ ಮಾಡುವಾಗ ಡಿಸ್ಕ್ ಫಾರ್ಮ್ಯಾಟ್ ಆಗುತ್ತದೆ, ಹಾಗಾಗಿ ಖಾಲಿ ಇರುವಾಗಲೇ ಸುಲಭ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. 2025ರಲ್ಲಿ ಬ್ರದರ್ ಕಂಪನಿಯ 689 ಮಾಡೆಲ್‌ಗಳಲ್ಲಿ ಒಂದು ದೋಷ ಹೊರಬಿತ್ತು. ಫ್ಯಾಕ್ಟರಿಯಲ್ಲಿ ಹಾಕುವ ಪಾಸ್‌ವರ್ಡನ್ನು ಮೆಷಿನ್‌ನ ಸೀರಿಯಲ್ ನಂಬರ್‌ನಿಂದ ಲೆಕ್ಕ ಹಾಕಿ ತಿಳಿಯಬಹುದಾಗಿತ್ತು. ಆಗಲೇ ತಯಾರಾದ ಮೆಷಿನ್‌ಗಳಲ್ಲಿ ಅಪ್‌ಡೇಟ್‌ನಿಂದ ಅದನ್ನು ಪೂರ್ತಿ ಸರಿಮಾಡಲು ಆಗುವುದಿಲ್ಲ ಎಂದು ಕಂಪನಿಯೇ ಹೇಳಿತು. ಪಾಸ್‌ವರ್ಡ್ ಬದಲಿಸಿಕೊಂಡವರು ಈ ದೋಷದಿಂದ ಸುರಕ್ಷಿತ.

ಬಳಕೆಯ ಕಾಲದಲ್ಲಿ ನನಗೆ ಎಲ್ಲಕ್ಕಿಂತ ಬೇಜಾರು ತರುವುದು ಸ್ಕ್ಯಾನ್ ಫೋಲ್ಡರ್ ವಿಷಯ. ಹಳೆಯ ಮೆಷಿನ್‌ನಿಂದ ಹೊಸ ವಿಂಡೋಸ್‌ಗೆ ಸ್ಕ್ಯಾನ್ ಹೋಗುವುದಿಲ್ಲ. ಆಗ ಸರ್ವೀಸ್‌ನವರು ಬಂದು ಕಂಪ್ಯೂಟರ್‌ನಲ್ಲಿ ಎಸ್‌ಎಂಬಿ 1 ಎಂಬುದನ್ನು (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ಹಳೆಯ ವಿಧಾನ) ಆನ್ ಮಾಡಿ, "ಆಯ್ತು ಸರ್" ಎಂದು ಹೋಗುತ್ತಾರೆ. ಅದನ್ನು ಮೈಕ್ರೋಸಾಫ್ಟ್ ಸುಮ್ನೆ ಆಫ್ ಮಾಡಿಟ್ಟಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಸಾಫ್ಟ್‌ವೇರ್) ಜಗತ್ತಿನಾದ್ಯಂತ ಹರಡಿದ್ದು ಅದೇ ಎಸ್‌ಎಂಬಿ 1ರ ದೋಷ ಬಳಸಿಕೊಂಡು. ಒಂದು ಸ್ಕ್ಯಾನರ್‌ಗೋಸ್ಕರ ಇಡೀ ಆಫೀಸಿನ ಕಂಪ್ಯೂಟರ್‌ಗಳಿಗೆ ಹಳೆಯ ಬಾಗಿಲು ತೆರೆದಿಡಬೇಡಿ. ಮೆಷಿನ್‌ನ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಸಿದರೆ ಹೊಸ ಎಸ್‌ಎಂಬಿ ಬರುತ್ತದೆಯೇ ನೋಡಿ. ಬರದಿದ್ದರೆ ಪೆನ್‌ಡ್ರೈವ್‌ಗೆ ಸ್ಕ್ಯಾನ್ ಮಾಡಿ, ಇಲ್ಲವೇ ಸ್ಕ್ಯಾನ್‌ಗೆಂದೇ ಮಾಡಿದ ಬೇರೆ ಇಮೇಲ್‌ಗೆ ಕಳಿಸಿ. ಫೋಲ್ಡರ್‌ಗೇ ಹೋಗಬೇಕು ಎಂದಾದರೆ ಆ ಒಂದು ಫೋಲ್ಡರ್‌ಗೆ ಮಾತ್ರ ಹಕ್ಕಿರುವ ಪ್ರತ್ಯೇಕ ಯೂಸರ್ ಮಾಡಿ ಕೊಡಿ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೊಡಲೇಬೇಡಿ.

ಇನ್ನು ಮನೆಯಿಂದ ಪ್ರಿಂಟ್ ಕೊಡಲು ರೂಟರ್‌ನಲ್ಲಿ ಪೋರ್ಟ್ (ಇಂಟರ್ನೆಟ್‌ನಿಂದ ಒಳಗೆ ಬರುವ ದಾರಿ) ತೆರೆದಿಡುವ ಅಭ್ಯಾಸ. ಪ್ರಿಂಟರ್‌ನ 9100 ಪೋರ್ಟ್ ಸಾಮಾನ್ಯವಾಗಿ ಪಾಸ್‌ವರ್ಡ್ ಕೇಳುವುದೇ ಇಲ್ಲ, ಬಂದದ್ದನ್ನು ಪ್ರಿಂಟ್ ಮಾಡುತ್ತದೆ. 2018ರ ಕೊನೆಯಲ್ಲಿ ಒಬ್ಬ ಹ್ಯಾಕರ್ ಇದೇ ದಾರಿಯಲ್ಲಿ ಸುಮಾರು 50,000 ಪ್ರಿಂಟರ್‌ಗಳಿಗೆ ಒಂದು ಯೂಟ್ಯೂಬ್ ಚಾನೆಲ್‌ನ ಪ್ರಚಾರದ ಹಾಳೆ ಕಳಿಸಿದ್ದಾಗಿ ಹೇಳಿಕೊಂಡ. ಜಗತ್ತಿನ ಬೇರೆ ಬೇರೆ ಕಡೆ ಪ್ರಿಂಟರ್‌ಗಳು ತಾವಾಗಿಯೇ ಆ ಹಾಳೆ ಹೊರಹಾಕಿದವು. ಇಂಟರ್ನೆಟ್‌ನಿಂದ ನೇರವಾಗಿ ಯಾವ ಪ್ರಿಂಟರ್ ಕೂಡ ಕಾಣಿಸಬಾರದು.

ಅಪ್‌ಡೇಟ್ ಮಾಡಿದರೆ ರೀಫಿಲ್ ಕಾರ್ಟ್ರಿಜ್ ನಿಂತುಹೋಗುತ್ತೆ ಎಂಬ ಭಯಕ್ಕೆ ಕಾರಣವಿದೆ. ಕೆಲವು ಕಂಪನಿಗಳ ಮೆಷಿನ್‌ಗಳಲ್ಲಿ ಹಾಗೆ ಆಗುತ್ತದೆ. ಅದಕ್ಕಾಗಿ ವರ್ಷಗಟ್ಟಲೆ ಅಪ್‌ಡೇಟ್ ಇಲ್ಲದೆ ಬಿಟ್ಟರೆ ತಿಳಿದಿರುವ ದೋಷಗಳೆಲ್ಲ ಹಾಗೇ ಉಳಿಯುತ್ತವೆ. ಮುಂದಿನ ಸಲ ಕೊಳ್ಳುವಾಗ ಇಂಕ್ ಟ್ಯಾಂಕ್ ಇರುವುದನ್ನೋ, ರೀಫಿಲ್‌ಗೆ ತಕರಾರು ಮಾಡದ ಮಾಡೆಲನ್ನೋ ಆರಿಸಿ. ಅಲ್ಲಿಯವರೆಗೆ ಆ ಪ್ರಿಂಟರನ್ನು ಉಳಿದ ಕಂಪ್ಯೂಟರ್‌ಗಳಿಂದ ಬೇರೆ ನೆಟ್‌ವರ್ಕ್‌ನಲ್ಲಿ ಇಡಿ.

ಇಷ್ಟು ಬರೆಯುವಾಗ ನೀವು ಕೇಳದ ಇನ್ನೊಂದು ಪ್ರಶ್ನೆ ಮನಸ್ಸಿಗೆ ಬಂತು. ನೀವು ವಾಪಸ್ ಕೊಟ್ಟ ಮೆಷಿನ್ ಎಲ್ಲಿಗೆ ಹೋಗುತ್ತದೆ? ರಿಪೇರಿಯಾಗಿ, ರೀಕಂಡಿಷನ್ ಎಂಬ ಹೆಸರಿನಲ್ಲಿ, ಕೋರ್ಟ್ ಅಥವಾ ತಾಲ್ಲೂಕು ಕಚೇರಿ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗಬಹುದು. ಅಲ್ಲಿ ಜನ ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡ್ ಎಲ್ಲವನ್ನೂ ಅದರ ಮೇಲೆ ಇಡುತ್ತಾರೆ. ಅಂಗಡಿಯವರು ಒಳ್ಳೆಯವರೇ ಇರುತ್ತಾರೆ, ಆದರೆ ಡಿಸ್ಕ್ ಬಗ್ಗೆ ಅವರಿಗೂ ಯಾರೂ ಹೇಳಿರುವುದಿಲ್ಲ. ನಿಮ್ಮ ಪರಿಚಯದ ಅಂಗಡಿ ಇದ್ದರೆ ಕೆಲಸ ಮುಗಿದ ಕೂಡಲೇ ಮೇಲೆ ಬರೆದು ಅಳಿಸುವ ಸೆಟ್ಟಿಂಗ್ ಆನ್ ಮಾಡಿಕೊಳ್ಳಿ ಎಂದು ಹೇಳಿ. ಮೆಷಿನ್‌ನಲ್ಲಿ ಆ ಸೌಲಭ್ಯ ಇದ್ದರೆ ಒಂದೇ ಸಲ ಮಾಡುವ ಕೆಲಸ.

ಅಂಗಡಿಗಳಲ್ಲಿ ಮೆಷಿನ್‌ಗಿಂತ ದೊಡ್ಡ ಅಪಾಯ ಪಕ್ಕದ ಕಂಪ್ಯೂಟರ್. "ಈ ನಂಬರ್‌ಗೆ ವಾಟ್ಸಾಪ್ ಮಾಡಿ" ಎನ್ನುತ್ತಾರೆ, ನಾವು ಕಳಿಸುತ್ತೇವೆ. ಫೈಲ್ ಡೌನ್‌ಲೋಡ್ ಫೋಲ್ಡರ್‌ನಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಚಾಟ್‌ನಲ್ಲಿ ಅಳಿಸಿದರೂ ಆ ಪ್ರತಿ ಹೋಗುವುದಿಲ್ಲ. ಇ-ಆಧಾರ್ ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಬೇಕು, ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಅದನ್ನೂ ಕೌಂಟರ್ ಮುಂದೆ ಎಲ್ಲರಿಗೂ ಕೇಳುವಂತೆ ಹೇಳುತ್ತೇವೆ. ಸೈಬರ್ ಕೆಫೆಯ ಕಂಪ್ಯೂಟರ್‌ನಲ್ಲಿ ಇ-ಆಧಾರ್ ಇಳಿಸಿಕೊಳ್ಳಬೇಡಿ, ಇಳಿಸಿಕೊಂಡರೆ ಪ್ರತಿಗಳನ್ನು ಪೂರ್ತಿ ಅಳಿಸಿ ಎಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ ತಿಂಗಳಲ್ಲಿ ಪ್ರಕಟಣೆ ಕೊಟ್ಟಿತ್ತು. ಜನ ತಪ್ಪು ತಿಳಿಯಬಹುದು ಎಂದು ಎರಡೇ ದಿನಕ್ಕೆ ಸರ್ಕಾರ ಅದನ್ನು ವಾಪಸ್ ಪಡೆಯಿತು. ಪ್ರಕಟಣೆ ಹೋದರೂ ಆ ಸಲಹೆ ಸರಿಯಾಗಿಯೇ ಇದೆ. ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಮಾಸ್ಕ್ಡ್ ಆಧಾರ್ ಅನ್ನು ಪ್ರಾಧಿಕಾರದ ವೆಬ್‌ಸೈಟ್‌ನಲ್ಲೇ ಇಳಿಸಿಕೊಳ್ಳಬಹುದು. ಕೇಳಿದವರು ಅದನ್ನು ಒಪ್ಪುವುದಾದರೆ ಅದರ ಪ್ರಿಂಟನ್ನೇ ಮನೆಯಲ್ಲಿ ನಾಲ್ಕೈದು ತೆಗೆದಿಟ್ಟುಕೊಳ್ಳಿ. ಅಂಗಡಿಗೇ ಹೋಗಬೇಕಾದರೆ ಪ್ರಿಂಟ್ ಕೈಗೆ ಬಂದ ಮೇಲೆ, ದುಡ್ಡು ಕೊಡುವ ಮೊದಲು, ಡೌನ್‌ಲೋಡ್ ಫೋಲ್ಡರ್ ಮತ್ತು ರೀಸೈಕಲ್ ಬಿನ್ ಎರಡರಿಂದಲೂ ಫೈಲ್ ತೆಗೆಸಿ ಬನ್ನಿ.