ಊರು ಮಾಲೂರು, ಕೆಲಸ ಬೆಂಗಳೂರು

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಒಂದು ಪಾಲಿಕೆ ಐದಾಯಿತು. ಎಲ್ಲರೂ ನಕ್ಷೆ ಬಿಡಿಸಿ ನೋಡಿದರು. ಗಡಿ ಮಾತ್ರ ಹಳೇ ಬಿಬಿಎಂಪಿಯದ್ದೇ.

ಆ ಗಡಿ 2007ರದು. ಯಲಹಂಕ, ಮಹದೇವಪುರ, ಬೊಮ್ಮನಹಳ್ಳಿಯಂಥ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಸೇರಿ ಬಿಬಿಎಂಪಿ ಆಯಿತು. ಜನ ಅದಕ್ಕೂ ಮೊದಲೇ ಅಲ್ಲಿ ಮನೆ ಕಟ್ಟಿ ಕೂತಿದ್ದರು. 110 ಹಳ್ಳಿಗಳಿಗೆಂದೇ ಇದ್ದ ಕಾವೇರಿ ಕುಡಿಯುವ ನೀರಿನ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ.

ಇದು ಗಡಿಯೊಳಗೆ ಸೇರಿದವರ ಕಥೆ. ಸೇರದೇ ಇರುವವರನ್ನು ನೋಡಬೇಕಾದರೆ ಬೆಳಿಗ್ಗೆ ಕೆಜಿಎಫ್‌ನ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ನೋಡಬೇಕು. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಚಿನ್ನದ ಗಣಿ ಮುಚ್ಚಿತು. ಕೆಲಸ ಹೋಯಿತು, ಮನೆ ಅಲ್ಲೇ ಉಳಿಯಿತು. ಬೆಂಗಳೂರಲ್ಲಿ ಬಾಡಿಗೆ, ಅಡ್ವಾನ್ಸ್ ಕೊಡುವುದಕ್ಕಿಂತ ತಿಂಗಳ ಪಾಸ್ ಅಗ್ಗ, ಅಲ್ವಾ? ಹೋಗೋಕೆ ಸುಮಾರು ಎರಡು ಗಂಟೆ, ಬರೋಕೆ ಎರಡು ಗಂಟೆ. ಬಂಗಾರಪೇಟೆಯಲ್ಲೇ ಬೋಗಿ ತುಂಬುತ್ತದೆ. ಟೇಕಲ್, ಮಾಲೂರಿನವರು ನಿಂತೇ ಬರಬೇಕು. ಪುಣ್ಯವಂತರಿಗೆ ಯಾರೋ ಗೆಳೆಯರು ಕರ್ಚೀಫ್ ಹಾಕಿ ಸೀಟು ಹಿಡಿದಿರುತ್ತಾರೆ. ಮೊದಲೆಲ್ಲ ಕೆ.ಆರ್. ಪುರದಲ್ಲಿ ಇಳಿದು ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸಿಗೆ ಓಡುವುದೇ ಇನ್ನೊಂದು ಪ್ರಯಾಣ. 2023ರಲ್ಲಿ ಮೆಟ್ರೊ ವೈಟ್‌ಫೀಲ್ಡ್‌ವರೆಗೆ ಬಂದ ಮೇಲೆ ಆ ಓಟ ಸ್ವಲ್ಪ ತಪ್ಪಿದೆ.

ಇವರನ್ನು ಎಲ್ಲಿಯವರು ಅನ್ನೋಣ? ಜನಗಣತಿ ಮನೆ ಇರುವ ಊರನ್ನು ಹಿಡಿಯುತ್ತದೆ. ಹಾಗಾಗಿ 2011ರಲ್ಲಿ ಪಾಲಿಕೆಯ ಜನ ಸುಮಾರು 84 ಲಕ್ಷ ಅಂದಾಗ ಹಗಲೆಲ್ಲ ಇಲ್ಲಿ ದುಡಿದು ರಾತ್ರಿ ಮಾಲೂರಲ್ಲಿ ಮಲಗುವವರು ಅದರಲ್ಲಿ ಬರಲಿಲ್ಲ. 2021ರ ಗಣತಿ ನಡೆಯಲೇ ಇಲ್ಲ. ಮಹಾನಗರ ಪ್ರದೇಶದ ಯೋಜನೆಗೆ ಬಿಎಂಆರ್‌ಡಿಎ ಇದೆ, ಆದರೆ ಮಾಲೂರು ಇರುವ ಕೋಲಾರ ಜಿಲ್ಲೆ ಅದರ ವ್ಯಾಪ್ತಿಗೆ ಸೇರಿಲ್ಲ. ರೈಲಿಗೇನು, ಅದು ಜಿಲ್ಲೆ ಕೇಳಿ ಓಡುವುದಿಲ್ಲ.

ಉಪನಗರ ರೈಲಿನ ಮಾತು 1980ರ ದಶಕದಿಂದಲೂ ಇದೆ. ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ, ಶಂಕುಸ್ಥಾಪನೆ 2022ರಲ್ಲಿ. ಒಟ್ಟು 148 ಕಿ.ಮೀ., ನಾಲ್ಕು ಮಾರ್ಗ. ಪೂರ್ವಕ್ಕೆ ಹೋಗುವ ಮಾರ್ಗ ಕೆಂಗೇರಿಯಿಂದ ಹೊರಟು ವೈಟ್‌ಫೀಲ್ಡ್‌ನಲ್ಲಿ ಮುಗಿಯುತ್ತದೆ. ಅಲ್ಲಿಂದಾಚೆ ದೇವನಗೊಂದಿ, ಆಮೇಲೆ ಮಾಲೂರು. ಅವರಿಗೆ ಅದೇ ಮಾರಿಕುಪ್ಪಂ ರೈಲು, ಅದೇ ಕರ್ಚೀಫು.