ಊರ ಗುಡ್ಡದಲ್ಲಿ ಕಲ್ಲುಕ್ವಾರಿ ಬಂದರೆ ಬಾವಿ ಬತ್ತುತ್ತದೆಯೇ?

ಪ್ರಶ್ನೆ: ಪಿಂಪ್ರಿ-ಚಿಂಚವಾಡದಲ್ಲಿ ದುಡಿದು ನಿವೃತ್ತನಾದ ಮೇಲೆ ಮುಳಶಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮನೆ ಕಟ್ಟಿಕೊಂಡಿದ್ದೇನೆ. ಹಿಂದಿನ ಗುಡ್ಡದಲ್ಲಿ ಕಲ್ಲುಕ್ವಾರಿ, ಕ್ರಷರ್ ಬರಲಿವೆಯಂತೆ. ಬಾವಿಗೆ ಕುತ್ತೇ? ಈ ಊರಿನ ಮತದಾರನಲ್ಲದ ನಾನು ಆಕ್ಷೇಪಿಸಬಹುದೇ?

ಉತ್ತರ: ಪುಣೆಯ ಆಸುಪಾಸಿನ ಹಳ್ಳಿಗಳಲ್ಲಿ ನೆಲೆಸಿದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಯಿದು. ಬಾವಿ ಬತ್ತುವುದೋ ಇಲ್ಲವೋ ಎಂಬುದು ಗುಂಡಿ ಎಷ್ಟು ಆಳಕ್ಕೆ ಇಳಿಯುತ್ತದೆ, ನಿಮ್ಮ ಬಾವಿ ಅದಕ್ಕಿಂತ ಎಷ್ಟು ಕೆಳಗಿದೆ ಎಂಬುದನ್ನು ಅವಲಂಬಿಸಿದೆ.

ಪುಣೆ ಜಿಲ್ಲೆಯ ನೆಲವೆಲ್ಲ ದಖ್ಖನ್ ಬಸಾಲ್ಟ್, ಅಂದರೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ. ಅಖಂಡವಾದ ಕರಿಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ. ಮೇಲ್ಭಾಗದ ಶಿಥಿಲವಾದ ಮುರುಮು, ಸಣ್ಣ ಸಣ್ಣ ರಂಧ್ರಗಳುಳ್ಳ ಪದರ ಮತ್ತು ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಕ್ವಾರಿಯವರು ಒಳ್ಳೆಯ ಕಲ್ಲು ಸಿಗಲೆಂದು ಮೊದಲು ಕೆರೆದು ತೆಗೆಯುವುದು ಇದೇ ಮುರುಮನ್ನು, ಹೀಗಾಗಿ ಮಳೆನೀರು ಇಂಗುವ ಜಾಗವೇ ಹೋಗಿಬಿಡುತ್ತದೆ. ಗುಂಡಿ ಅಂತರ್ಜಲದ ಮಟ್ಟವನ್ನು ದಾಟಿದರೆ ಸುತ್ತಲಿನ ಬಿರುಕುಗಳ ನೀರು ಅದರೊಳಗೆ ಜಿನುಗುತ್ತದೆ, ಕಲ್ಲು ತೆಗೆಯಲು ಅಡ್ಡಿಯೆಂದು ಅದನ್ನು ಪಂಪಿನಿಂದ ಹೊರಹಾಕುತ್ತಾರೆ. ಬಾವಿ ಬತ್ತಿದಾಗ ಜನ ಸಿಡಿಮದ್ದನ್ನು ದೂರುತ್ತಾರೆ. ನನ್ನ ದೃಷ್ಟಿಯಲ್ಲಿ ಹಗಲಿರುಳು ಓಡುವ ಆ ಪಂಪನ್ನು ದೂರಬೇಕು. ಗುಡ್ಡದ ನೆತ್ತಿಯಲ್ಲಿ ಆಳವಿಲ್ಲದ ಕ್ವಾರಿಯಾದರೆ ಕೆಳಗಿನ ಬಾವಿಗೆ ನೇರ ಪೆಟ್ಟು ಬೀಳದಿರಬಹುದು, ಆದರೆ ಇಳಿಜಾರಿನ ಒರತೆಗಳು ಸೊರಗುತ್ತವೆ.

ಸ್ಫೋಟದಿಂದ ಗೋಡೆ ಬಿರುಕು ಬಿಡುತ್ತದೆಯೆಂಬ ಭಯ ನಿರಾಧಾರವಲ್ಲ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು 1997ರಲ್ಲಿ ಸಾಮಾನ್ಯ ಮನೆಗಳಿಗೆ ಕಡಿಮೆ ಆವರ್ತನದ, ಅಂದರೆ ನಿಧಾನವಾಗಿ ತೂಗುವ, ಕಂಪನದಲ್ಲಿ ನೆಲ ಅದುರುವ ವೇಗದ ಮಿತಿಯನ್ನು ಸೆಕೆಂಡಿಗೆ 5 ಮಿಲಿಮೀಟರ್ ಎಂದು ನಿಗದಿಪಡಿಸಿದೆ. ದೂಳಿನ ವಿಷಯದಲ್ಲಿ, ಗ್ರಾನೈಟಿಗೆ ಹೋಲಿಸಿದರೆ ಬಸಾಲ್ಟಿನಲ್ಲಿ ಮುಕ್ತ ಸಿಲಿಕಾ ತೀರಾ ಕಡಿಮೆಯಾದ್ದರಿಂದ ಸಿಲಿಕಾ ದೂಳು ಶ್ವಾಸಕೋಶ ಸೇರಿ ಬರುವ ಸಿಲಿಕೋಸಿಸ್ ಕಾಯಿಲೆಯ ಭೀತಿಯೂ ಕಡಿಮೆ. ಹಾಗೆಂದು ಕ್ರಷರಿನ ಪಕ್ಕದ ತೊಗರಿ ಎಲೆಯ ಮೇಲೆ ಕೂರುವ ಬೂದುಬಣ್ಣದ ಪುಡಿ ನಿರಪಾಯಕರವೇನಲ್ಲ. ಊರಿಗೆ ಉದ್ಯೋಗ ಸಿಗುತ್ತದೆ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ, ಯಂತ್ರಗಳೇ ಬಹುಪಾಲು ಕೆಲಸ ಮಾಡುವಲ್ಲಿ ಊರವರಿಗೆ ಉಳಿಯುವುದು ಸ್ವಲ್ಪವೇ.

ಇನ್ನು ಮತದಾರರ ಪಟ್ಟಿಯ ಮಾತು. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆಯಲ್ಲಿ ಯೋಜನೆಯಿಂದ ಬಾಧಿತರಾಗುವ ಸ್ಥಳೀಯರು ಮಾತನಾಡಬಹುದು. ಅದಕ್ಕೆ ಮತದಾರರ ಚೀಟಿಯಾಗಲಿ ಮಾತೃಭಾಷೆಯಾಗಲಿ ಅಡ್ಡಬರುವುದಿಲ್ಲ. ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ಅದು ಮರಾಠಿ ದಿನಪತ್ರಿಕೆಯಲ್ಲಿ ಬರುವುದರಿಂದ ನಮ್ಮವರ ಕಣ್ಣಿಗೆ ಬೀಳದೇ ಹೋಗುವುದೂ ಉಂಟು, ಆದ್ದರಿಂದ ಗ್ರಾಮಪಂಚಾಯತಿಯಲ್ಲಿ ವಿಚಾರಿಸುತ್ತಿರಿ. 5 ಹೆಕ್ಟೇರಿಗಿಂತ ಚಿಕ್ಕದಾದ ಒಂಟಿ ಕ್ವಾರಿಗೆ ಸಾಮಾನ್ಯವಾಗಿ ಇಂಥ ಸಭೆ ಇರುವುದಿಲ್ಲ. ಆದರೆ 500 ಮೀಟರಿಗಿಂತ ಕಡಿಮೆ ಅಂತರದಲ್ಲಿರುವ ಕ್ವಾರಿಗಳನ್ನು ಒಂದೇ ಗುಂಪೆಂದು ಎಣಿಸಬೇಕಾಗುವುದರಿಂದ, ಅವುಗಳ ಒಟ್ಟು ವಿಸ್ತೀರ್ಣ ಆ ಮಿತಿಯನ್ನು ದಾಟಿ ಸಭೆ ಬೇಕಾಗಬಹುದು; ಹೀಗಾಗಿ ಅಕ್ಕಪಕ್ಕದಲ್ಲಿ ಇನ್ನೆಷ್ಟು ಪರವಾನಗಿಗಳಿವೆ ಎಂಬುದನ್ನು ತಹಸೀಲು ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಆಕ್ಷೇಪಕ್ಕೆ ಬಲ ಬರುವುದು ಕ್ವಾರಿ ಶುರುವಾಗುವ ಮುಂಚಿನ ದಾಖಲೆಯಿಂದ. ಬಾವಿಕಟ್ಟೆಯ ಮೇಲೆ ಬಣ್ಣದಿಂದ ಒಂದು ಗುರುತು ಹಾಕಿ, ತುದಿಗೆ ಭಾರ ಕಟ್ಟಿದ ಅಳತೆ ಟೇಪನ್ನು ಅಲ್ಲಿಂದಲೇ ಇಳಿಬಿಟ್ಟು, ನೀರಿನ ಮಟ್ಟವನ್ನು ಮಳೆಗಾಲಕ್ಕೆ ಮುಂಚೆ ಮೇನಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಇನ್ನೊಮ್ಮೆ ಬರೆದಿಡಿ. ಗೋಡೆಯಲ್ಲಿ ಈಗಾಗಲೇ ಬಿರುಕಿದ್ದರೆ ಅದಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ನಮೂದಿಸಿ. ಗೋಡೆ ಮತ್ತೆ ಸರಿದರೆ ಗಾಜು ಒಡೆಯುತ್ತದೆ. ಈ ವಿವರಗಳನ್ನು ಲಿಖಿತ ಆಕ್ಷೇಪದೊಂದಿಗೆ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪುಣೆ ಪ್ರಾದೇಶಿಕ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.