ಮೂಸಾ ತಿಂದನೋ, ಮೂಸಾನನ್ನೇ ತಿಂದರೋ?

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಬಂಬಾರಾ ನುಡಿಯನ್ನು ಕಲಿಯಹೊರಟವರು ಮೊದಮೊದಲು ಎಡವುವ ಜಾಗ ಒಂದಿದೆ. ‘ತಾ’ ಎಂದರೆ ಹೋಗು. ‘ಮೂಸಾ ತಾರ’ ಎಂದರೆ ಮೂಸಾ ಹೋದ. ‘ದುನ್’ ಎಂದರೆ ತಿನ್ನು. ಹಾಗಾದರೆ ‘ಮೂಸಾ ದುನ್ನ’ ಎಂದರೆ ಮೂಸಾ ತಿಂದ ಅಂತ ತಾನೆ? ಅಲ್ಲ. ಮೂಸಾನನ್ನು ಯಾವುದೋ ತಿಂದುಹಾಕಿತು ಅಂತ. ಸಿಂಹವೋ ಮೊಸಳೆಯೋ, ವಾಕ್ಯ ಹೇಳುವುದಿಲ್ಲ. ಮೂಸಾ ಉಳಿದಿಲ್ಲ ಎನ್ನುವುದು ಮಾತ್ರ ಖಚಿತ.

ಇದು ವಿಚಿತ್ರವೂ ಅಲ್ಲ, ಅಪವಾದವೂ ಅಲ್ಲ. ಬಂಬಾರಾ ವ್ಯಾಕರಣದ ತೀರ ಕಟ್ಟುನಿಟ್ಟಿನ ಒಂದು ಏರ್ಪಾಡಿನಿಂದ ನೇರವಾಗಿ ಹುಟ್ಟುವ ಅರ್ಥ. ‘ಆಫ್ರಿಕಾದವರದು ಭಾಷೆಯಲ್ಲ, ಬರೀ ಆಡುಮಾತು, ಅದಕ್ಕೆಂಥ ವ್ಯಾಕರಣ’ ಎಂದು ಈಗಲೂ ಹೇಳುವವರು ಸಿಗುತ್ತಾರಾದ್ದರಿಂದ ಆ ಏರ್ಪಾಡನ್ನು ಸ್ವಲ್ಪ ಬಿಚ್ಚಿಯೇ ನೋಡೋಣ.

ಬಂಬಾರಾ ವಾಕ್ಯದಲ್ಲಿ ಮೊದಲು ಕರ್ತೃ, ಆಮೇಲೆ ಒಂದು ಪುಟ್ಟ ಗುರುತುಪದ, ಆಮೇಲೆ ಕರ್ಮ, ಆಮೇಲೆ ಕ್ರಿಯಾಪದ, ಉಳಿದದ್ದೆಲ್ಲ ಅದರಾಚೆ. ‘ಮಲೊ’ ಎಂದರೆ ಅಕ್ಕಿ, ಅನ್ನ. ‘ಮೂಸಾ ಬೆ ಮಲೊ ದುನ್’ ಎಂದರೆ ಮೂಸಾ ಅನ್ನ ತಿನ್ನುತ್ತಾನೆ. ‘ಮೂಸಾ ತೆ ಮಲೊ ದುನ್’ ಎಂದರೆ ತಿನ್ನುವುದಿಲ್ಲ. ‘ಮೂಸಾ ಯೆ ಮಲೊ ದುನ್’ ಎಂದರೆ ತಿಂದ. ‘ಮೂಸಾ ಮ ಮಲೊ ದುನ್’ ಎಂದರೆ ತಿನ್ನಲಿಲ್ಲ. ನಾಲ್ಕರಲ್ಲೂ ಕ್ರಿಯಾಪದ ಮೈ ಅಲುಗಿಸಿಲ್ಲ. ನಾನು, ನೀನು, ಅವಳು, ಅವರು ಯಾರೇ ತಿಂದರೂ ‘ದುನ್’ ದುನ್ನೇ. ಕೆಲಸವೆಲ್ಲ ಆ ಒಂದಕ್ಷರದ ಗುರುತುಪದದ್ದು.

ಕರ್ಮವೇ ಇಲ್ಲದಿದ್ದರೆ? ಉಳಿದ ಮೂರು ಗುರುತುಗಳಿಗೆ ಅದರಿಂದ ಏನೂ ಆಗುವುದಿಲ್ಲ. ‘ಮೂಸಾ ಬೆ ತಾ’, ‘ಮೂಸಾ ತೆ ತಾ’, ‘ಮೂಸಾ ಮ ತಾ’ ಮೂರೂ ಸರಿ: ಹೋಗುತ್ತಾನೆ, ಹೋಗುವುದಿಲ್ಲ, ಹೋಗಲಿಲ್ಲ. ‘ಯೆ’ ಒಂದು ಮಾತ್ರ ಹಟಮಾರಿ. ‘ಮೂಸಾ ಯೆ ತಾ’ ಎಂದು ಯಾರೂ ‘ಮೂಸಾ ಹೋದ’ ಎಂಬ ಅರ್ಥದಲ್ಲಿ ಹೇಳುವುದಿಲ್ಲ. ಅಲ್ಲಿ ‘ಯೆ’ ಜಾಗ ಬಿಟ್ಟು, ಕ್ರಿಯಾಪದದ ಬಾಲಕ್ಕೆ ‘ರ’ ಅಂಟಿಕೊಳ್ಳುತ್ತದೆ: ‘ಮೂಸಾ ತಾರ’.

ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರನ್ನು ನೆನೆಸಿಕೊಳ್ಳಿ. ‘ಯೆ’ ಎಂದರೆ ಹಾಗೆ ಹಾಕಿದ ಟವೆಲ್ಲು. ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಒಂದೇ ಒಂದು ಸೀಟಿದೆ, ಅದರಲ್ಲಿ ಕೂರಲು ಕರ್ಮ ಬರುತ್ತಿದೆ ಎಂದು ಕೇಳುವವನಿಗೆ ಅದು ಮೊದಲೇ ಸಾರುತ್ತದೆ. ಕೂರುವವರೇ ಇಲ್ಲವೆಂದಮೇಲೆ ಟವೆಲ್ಲೂ ಬೇಡ. ಆ ಸೀಟು ಕರ್ಮಕ್ಕಷ್ಟೇ ಮೀಸಲು. ‘ಪೇಟೆಗೆ’, ‘ಫಾಂತಾಳಿಗೆ’ ಎಂಬಂಥ ಮಾತುಗಳು ಅಲ್ಲಿ ಕೂರುವಂತಿಲ್ಲ, ಅವು ಕ್ರಿಯಾಪದ ದಾಟಿಯೇ ನಿಲ್ಲಬೇಕು. ‘ಮೂಸಾ ತಾರ ಸುಗು ಲ’ (ಮೂಸಾ ಪೇಟೆಗೆ ಹೋದ). ‘ಮೂಸಾ ಯೆ ವರಿ ದಿ ಫಾಂತಾ ಮ’ (ಮೂಸಾ ಫಾಂತಾಳಿಗೆ ದುಡ್ಡು ಕೊಟ್ಟ). ಕನ್ನಡಿಗರು ತಪ್ಪುವುದು ಇಲ್ಲೇ. ಕರ್ಮ ಕ್ರಿಯಾಪದಕ್ಕಿಂತ ಮುಂಚೆ ಬರುವುದನ್ನು ಕಂಡು ಇದು ನಮ್ಮ ದಾರಿಯೇ ಎಂದುಕೊಂಡು ‘ಸುಗು ಲ’ವನ್ನೂ ‘ತಾರ’ಕ್ಕಿಂತ ಮುಂಚೆ ತಂದು ಕೂರಿಸಿಬಿಡುತ್ತಾರೆ. ಫ್ರೆಂಚ್ ಬಲ್ಲವರು ತಪ್ಪುವುದು ತಿರುಗಾಮುರುಗಾ: ಕರ್ಮವನ್ನೂ ಕ್ರಿಯಾಪದದಾಚೆ ತಳ್ಳುತ್ತಾರೆ.

ಈಗ ಆ ಬಾಲ. ಸಾಮಾನ್ಯವಾಗಿ ಅದು ‘ರ’: ತಾ–ತಾರ, ಸಿಗಿ–ಸಿಗಿರ (ಕೂತ). ಕೊನೆಯ ವ್ಯಂಜನ ‘ಲ’ ಅಥವಾ ‘ರ’ ಆಗಿದ್ದರೆ ಅದು ‘ಲ’: ಬೊಲಿ–ಬೊಲಿಲ (ಓಡಿದ), ಕರಿ–ಕರಿಲ (ಮುರಿಯಿತು). ಕ್ರಿಯಾಪದ ಮೂಗಿನ ದನಿಯಲ್ಲಿ ಮುಗಿದರೆ, ಇಲ್ಲವೇ ಅದರ ಕೊನೆಯ ವ್ಯಂಜನ ‘ನ’, ‘ಮ’ ಆಗಿದ್ದರೆ ಅದು ‘ನ’: ಬಿನ್–ಬಿನ್ನ (ಬಿದ್ದ), ತೆಮೆ–ತೆಮೆನ (ದಾಟಿದ), ನ–ನನ (ಬಂದ). ಪಶ್ಚಿಮಕ್ಕೆ ಗ್ಯಾಂಬಿಯಾದ ಕಡೆ ಹೋದರೆ, ಬಂಬಾರಾದ ಸೋದರಿ ಮಂದಿಂಕಾದಲ್ಲಿ ಇದೇ ಪ್ರತ್ಯಯ ‘ತ’ ಆಗುತ್ತದೆ: ‘ತಾತ’ ಎಂದರೆ ಹೋದ.

ಇಷ್ಟು ತಿಳಿದರೆ ಮೂಸಾನ ದುರಂತವೂ ತಿಳಿಯುತ್ತದೆ. ‘ಚಿ’ ಎಂದರೆ ಗಡಿಗೆ, ಗಾಜಿನಂಥದ್ದನ್ನು ಒಡೆ. ‘ಮೂಸಾ ಯೆ ದಗ ಚಿ’ ಎಂದರೆ ಮೂಸಾ ಗಡಿಗೆ ಒಡೆದ. ‘ದಗ ಚಿರ’ ಎಂದರೆ ಗಡಿಗೆ ಒಡೆಯಿತು. ಸೀಟಿನಲ್ಲಿದ್ದ ಗಡಿಗೆ ಕರ್ತೃವಿನ ಜಾಗಕ್ಕೆ ಬಂತು, ಸೀಟು ಖಾಲಿಯಾಯಿತು, ‘ಯೆ’ ಹೋಗಿ ‘ರ’ ಬಂತು. ಇಲ್ಲಿಯವರೆಗೆ ನಮಗೂ ಹೊಸದಲ್ಲ. ‘ಒಡೆ’ ಕನ್ನಡದಲ್ಲೂ ಎರಡೂ ಕಡೆ ನಡೆಯುತ್ತದೆ. ಆದರೆ ಬಂಬಾರಾ ಇದನ್ನು ಸಕರ್ಮಕ ಕ್ರಿಯಾಪದಗಳಿಗೆಲ್ಲ ಹಬ್ಬಿಸಿದೆ. ‘ಜಿ’ ಎಂದರೆ ನೀರು, ‘ಮಿನ್’ ಎಂದರೆ ಕುಡಿ. ‘ಜಿ ಮಿನ್ನ’ ಎಂದರೆ ನೀರು ಕುಡಿದಾಯಿತು, ನೀರು ಕುಡಿಯಲ್ಪಟ್ಟಿತು. ನಮ್ಮ ‘ಅಲ್ಪಡು’ವಿನಂಥ ಕರ್ಮಣಿ ಪ್ರತ್ಯಯ ಬಂಬಾರಾದಲ್ಲಿ ಇಲ್ಲವೇ ಇಲ್ಲ. ಸೀಟು ಖಾಲಿ ಬಿಟ್ಟರೆ ಅದೇ ಕರ್ಮಣಿ ಪ್ರಯೋಗ. ಕುಡಿದದ್ದು ಯಾರೆಂದು ಹೇಳಲೇಬೇಕಿದ್ದರೆ ಕೊನೆಯಲ್ಲಿ ಸೇರಿಸಬಹುದು: ‘ಜಿ ಮಿನ್ನ ಮೂಸಾ ಫೆ’. ಹೀಗಾಗಿ ಸಕರ್ಮಕ ‘ದುನ್’ಗೆ ಕರ್ಮ ಕೊಡದೆ ಬಾಲ ಮಾತ್ರ ಅಂಟಿಸಿದರೆ ಮುಂದೆ ಕೂತ ಮೂಸಾ ತಾನೇ ಊಟವಾಗುತ್ತಾನೆ.

ಮೂಸಾನನ್ನು ಬದುಕಿಸಬೇಕಾದರೆ ಸೀಟಿಗೆ ಏನಾದರೂ ತಂದು ಕೂರಿಸಬೇಕು. ಏನು ತಿಂದ ಎನ್ನುವುದು ಮುಖ್ಯವಲ್ಲವಾದರೆ ‘ಮೂಸಾ ಯೆ ದುಮುನಿ ಕೆ’ ಎನ್ನುತ್ತಾರೆ: ಮೂಸಾ ಊಟ ಮಾಡಿದ. ‘ಮೂಸಾ ಯೆ ಬಾರ ಕೆ’ ಎಂದರೆ ಕೆಲಸ ಮಾಡಿದ. ‘ಮಾಡು’ ಎಂಬರ್ಥದ ‘ಕೆ’ ಸೇರಿದ ಇಂಥ ಜೋಡಿಗಳು ಕನ್ನಡಿಗರ ಬಾಯಿಗೆ ಬಹುಬೇಗ ಹತ್ತುತ್ತವೆ. ಇನ್ನೊಂದು ಉಪಾಯ, ‘ತನ್ನನ್ನು’ ಎಂಬರ್ಥದ ‘ಇ’ಯನ್ನು ಸೀಟಿನಲ್ಲಿ ಕೂರಿಸುವುದು. ‘ಮೂಸಾ ಸಿಗಿರ’ ಎಂದರೂ ಕೂತ, ‘ಮೂಸಾ ಯಿ ಸಿಗಿ’ ಎಂದರೂ ಕೂತ. ಎರಡನೆಯದರಲ್ಲಿ ‘ಯೆ’ ಮತ್ತು ‘ಇ’ ಸಂಧಿಯಾಗಿ ‘ಯಿ’ ಆಗಿದೆ. ಸೀಟು ತುಂಬಿರುವುದರಿಂದ ಬಾಲ ಬಂದಿಲ್ಲ. ಆಡುಮಾತಿನಲ್ಲಿ ‘ಯೆ’ ಹೀಗೆ ಮುಂದಿನ ಸ್ವರದಲ್ಲಿ ಕರಗಿಹೋಗುತ್ತಲೇ ಇರುತ್ತದೆ. ‘ಅ ಯ ದುನ್’ (ಅವನು ಅದನ್ನು ತಿಂದ) ಎಂಬಲ್ಲಿನ ‘ಯ’ದೊಳಗೆ ‘ಯೆ’ ಮತ್ತು ‘ಅ’ ಎರಡೂ ಇವೆ. ಕಿವಿಗೆ ಬೀಳಲಿಲ್ಲವೆಂದು ಇಲ್ಲವೆನ್ನಬಾರದು.

ಇನ್ನೊಂದು ಗೊಂದಲ, ‘ಯೆ’ ಮತ್ತು ‘ರ’ವನ್ನು ಭೂತಕಾಲದ ಪ್ರತ್ಯಯವೆಂದು ಬಾಯಿಪಾಠ ಮಾಡುವುದು. ಮೇಲಿನ ಅನುವಾದಗಳೆಲ್ಲ ಹಾಗೆ ಕಾಣುವಂತಿವೆ, ನಿಜ. ಶಾಲೆಯಲ್ಲಿ ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಖಾನೆ ಕಲಿತ ಮನಸ್ಸು ಯಾವ ಕ್ರಿಯಾಪದ ಸಿಕ್ಕರೂ ಆ ಖಾನೆಗಳಲ್ಲೇ ತುಂಬುತ್ತದೆ. ಆದರೆ ಬಂಬಾರಾದಲ್ಲಿ ‘ಆಗ’ ಎಂದು ಹಿಂದಕ್ಕೆ ಕೈತೋರಿಸುವ ಪದ ಬೇರೆಯೇ ಇದೆ, ‘ತುನ್’. ‘ಮೂಸಾ ತುನ್ ಬೆ ಮಲೊ ದುನ್’ ಎಂದರೆ ಮೂಸಾ ಅನ್ನ ತಿನ್ನುತ್ತಿದ್ದ. ಇಲ್ಲಿ ಹಿಂದಿನ ಕಾಲವಿದೆ, ‘ಯೆ’ ಇಲ್ಲ. ‘ಮೂಸಾ ತುನ್ ಯೆ ಮಲೊ ದುನ್’ ಎಂದರೆ ತಿಂದಿದ್ದ. ಇಲ್ಲಿ ಎರಡೂ ಇವೆ. ಒಂದು ಇಲ್ಲದೆ ಇನ್ನೊಂದು ಬರಬಲ್ಲದು ಎಂದಮೇಲೆ ಎರಡರ ಕೆಲಸವೂ ಒಂದೇ ಆಗಲಾರದು. ‘ಯೆ’ ಮತ್ತು ‘ರ’ ಹೇಳುವುದು ಘಟನೆ ಯಾವಾಗ ನಡೆಯಿತೆಂದಲ್ಲ, ಆದಿಯಿಂದ ಅಂತ್ಯದವರೆಗೆ ಇಡಿಯಾಗಿ ನಡೆಯಿತೆಂದು. ಭಾಷಾವಿಜ್ಞಾನದಲ್ಲಿ ಇದಕ್ಕೆ ಪರ್ಫೆಕ್ಟಿವ್ ಎನ್ನುತ್ತಾರೆ, ಪೂರ್ಣರೂಪ ಎಂದುಕೊಳ್ಳಬಹುದು. ನಮ್ಮ ಡಿ.ಎನ್. ಶಂಕರ ಭಟ್ಟರು 1999ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವೊಂದರ ವಾದವೇ ಇದರ ಸುತ್ತ: ಕೆಲವು ಭಾಷೆಗಳಲ್ಲಿ ಕಾಲ ಪ್ರಧಾನ, ಕೆಲವದರಲ್ಲಿ ಘಟನೆಯ ಇಂಥ ರೂಪ ಪ್ರಧಾನ, ಇನ್ನು ಕೆಲವದರಲ್ಲಿ ಹೇಳುವವನ ಭಾವ ಪ್ರಧಾನ.

ಸಾಕ್ಷಿ ಬೇಕೆಂದರೆ ‘ನಿ’ ಎಂಬ ‘ರೆ’ಯರ್ಥದ ಪದ ಹಾಕಿ ನೋಡಿ. ‘ನಿ ಮೂಸಾ ನನ, ಅನ್ ಬೆ ತಾ’: ಮೂಸಾ ಬಂದರೆ ನಾವು ಹೋಗುತ್ತೇವೆ. ಮೂಸಾ ಇನ್ನೂ ಬಂದಿಲ್ಲ, ನಾಳೆ ಬರಬಹುದು, ಆದರೂ ‘ನನ’ ಎಂಬ ಪೂರ್ಣರೂಪವೇ ಬಂದಿದೆ. ಕನ್ನಡದಲ್ಲಾದರೂ ಏನಾಗಿದೆ ನೋಡಿ. ‘ಬರರೆ’ ಎನ್ನುವುದಿಲ್ಲ, ‘ಬಂದರೆ’. ‘ಬಂದ’ನ ‘ಬಂದ್’ ನಾಳೆಯ ಮಾತಿಗೆ ಹಾಜರ್. ‘ಮಳೆ ಬಂದೀತು’, ‘ಜಾರಿ ಬಿದ್ದೀಯೆ’ ಎಂಬ ಎಚ್ಚರಿಕೆಗಳಲ್ಲೂ ಭೂತಕಾಲದ್ದೆನ್ನುವ ಅಂಗವೇ ಇದೆ, ಬಿದ್ದವರು ಮಾತ್ರ ಯಾರೂ ಇಲ್ಲ. ಹೊರಗಿನಿಂದ ಯಾರೋ ಕೂಗಿದಾಗ ಒಲೆ ಮುಂದಿದ್ದವರು ‘ಬಂದೆ, ಬಂದೆ’ ಎನ್ನುವುದೂ ಈ ಜಾತಿಯದೇ. ಬಂಬಾರಾ ವಿಚಿತ್ರ ಎನ್ನುವ ಮೊದಲು ಇವಕ್ಕೆಲ್ಲ ಉತ್ತರ ಕೊಡಬೇಕಾಗುತ್ತದೆ.

ಹೋಲಿಕೆ ಕಂಡೊಡನೆ ನಂಟು ಕಲ್ಪಿಸುವ ಚಪಲವೂ ಇದೆ. ಸೆನೆಗಲ್‌ನ ಮೊದಲ ಅಧ್ಯಕ್ಷ, ಕವಿ ಸೆಂಘೋರ್‌ಗೆ ದ್ರಾವಿಡರಿಗೂ ಆಫ್ರಿಕನ್ನರಿಗೂ ಹಳೆಯ ಸಂಬಂಧವಿದೆ ಎಂಬ ವಿಚಾರದಲ್ಲಿ ಬಹಳ ಆಸಕ್ತಿಯಿತ್ತು. ಮುಂದೆ ಉಡುಪಿಯಲ್ಲಿ ತುಳು ನಿಘಂಟಿನ ಪ್ರಧಾನ ಸಂಪಾದಕರಾದ ಯು.ಪಿ. ಉಪಾಧ್ಯಾಯರು 1970ರ ದಶಕದಲ್ಲಿ ಸೆನೆಗಲ್‌ನ ಡಕಾರ್‌ನಲ್ಲಿದ್ದು, ಸುಶೀಲಾ ಉಪಾಧ್ಯಾಯರೊಂದಿಗೆ ಈ ಹೋಲಿಕೆಗಳ ಬಗ್ಗೆ ಬರೆದರು. ಕುತೂಹಲ ಮೆಚ್ಚತಕ್ಕದ್ದೇ. ಆದರೆ ಭಾಷೆಗಳು ಒಂದೇ ಬುಡದವು ಎನ್ನಬೇಕಾದರೆ ದನಿಗಳು ಪದಪದದಲ್ಲೂ ನಿಯಮಬದ್ಧವಾಗಿ ತಾಳೆಯಾಗಬೇಕು. ಅಂಥ ತಾಳೆ ಇಲ್ಲಿ ಸಿಕ್ಕಿಲ್ಲವಾಗಿ ತೌಲನಿಕ ಭಾಷಾವಿಜ್ಞಾನ ಈ ನಂಟನ್ನು ಒಪ್ಪಿಲ್ಲ. ಕರ್ಮದ ನಂತರ ಕ್ರಿಯಾಪದ ಬರುವುದು, ನಾಮಪದದ ನಂತರ ‘ಗೆ’, ‘ಅಲ್ಲಿ’ಯಂಥವು ಬರುವುದು ಜಪಾನಿ, ತುರ್ಕಿಗಳಲ್ಲೂ ಇದೆ.

ಅಮೆರಿಕದ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ 30 ಭಾಷೆಗಳನ್ನು ಮುಂದಿಟ್ಟುಕೊಂಡು ಪದಕ್ರಮದ ಸಾಮಾನ್ಯ ನಿಯಮಗಳನ್ನು ಹೊಸೆದಾಗ ಆ ಪಟ್ಟಿಯಲ್ಲಿ ಕನ್ನಡವಿತ್ತು. ಬಂಬಾರಾ ಸೇರಿದ ಮಾಂಡೆ ಕುಟುಂಬದ ಒಂದು ಭಾಷೆಯೂ ಇರಲಿಲ್ಲ. ಕರ್ತೃ–ಕರ್ಮ–ಕ್ರಿಯೆಯ ಕ್ರಮವಿರುವ ಭಾಷೆಯಲ್ಲಿ ರೂಪ ಬದಲಿಸುವ ಸಹಾಯಕ ಕ್ರಿಯಾಪದ ಮುಖ್ಯ ಕ್ರಿಯಾಪದದ ನಂತರವೇ ಬರುತ್ತದೆ ಎನ್ನುವುದು ಅವನ ಒಂದು ನಿಯಮ. ‘ಕುಡಿಯುತ್ತಾ ಇದ್ದಾನೆ’, ‘ಕುಡಿದುಬಿಟ್ಟಳು’ ಎನ್ನುವ ಕನ್ನಡ ಅದಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ. ಬಂಬಾರಾದ ‘ಯೆ’ ಕರ್ಮಕ್ಕೂ ಮುಂಚೆಯೇ ಹಾಜರಾಗುತ್ತದೆ. ಅದು ರೂಪ ಬದಲಿಸುವುದಿಲ್ಲವಾದ್ದರಿಂದ ನಿಯಮ ಮುರಿಯಲಿಲ್ಲ ಎಂದು ಪಾರಾಗಬಹುದು, ಆದರೆ ಅದು ವಕೀಲರ ವಾದ. ಈ ಕ್ರಮ ಎಲ್ಲಿಂದ ಬಂತೆಂಬ ಜಗಳ ಇನ್ನೂ ಮುಗಿದಿಲ್ಲ. ‘ಮೂಸಾ ಬೆ ಜಿ ಮಿನ್ ನ’ ಎಂಬ ವಾಕ್ಯ (ಮೂಸಾ ನೀರು ಕುಡಿಯುತ್ತಿದ್ದಾನೆ) ಬಿಡಿಸಿದರೆ ‘ಮೂಸಾ ನೀರು-ಕುಡಿತದಲ್ಲಿ ಇದ್ದಾನೆ’ ಎಂದಾಗುತ್ತದೆ. ಇಂಥವುಗಳಿಂದಲೇ ಇಡೀ ಪದಕ್ರಮ ಬೆಳೆಯಿತು ಎಂದು ಒಂದು ಪಕ್ಷ. ಇಲ್ಲ, ಮಾಂಡೆ ಭಾಷೆಗಳಲ್ಲಿ ಕರ್ಮ ಮೊದಲಿನಿಂದಲೂ ಅಲ್ಲೇ ಇತ್ತು ಎಂದು ಇನ್ನೊಂದು.

ಕಲಿಯುವವರಿಗೆ ಅದಕ್ಕಿಂತ ತುರ್ತಿನ ತೊಡಕೆಂದರೆ ‘ಯೆ’ಗಳು ಹಲವಿರುವುದು. ‘ನೋಡು’ ಎಂಬ ಕ್ರಿಯಾಪದವೂ ‘ಯೆ’. ‘ಮೂಸಾ ಯೆ ಫಾಂತಾ ಯೆ’ ಎಂದರೆ ಮೂಸಾ ಫಾಂತಾಳನ್ನು ನೋಡಿದ. ‘ಮೂಸಾ ಯೆ ಚಿಕೆಲ ಯೆ’ ಎಂದರೆ ಮೂಸಾ ರೈತ. ಇಲ್ಲಿ ನೋಡುವುದೂ ಇಲ್ಲ, ಪೂರ್ಣರೂಪವೂ ಇಲ್ಲ, ಎರಡು ‘ಯೆ’ ಸೇರಿ ‘ಆಗಿದ್ದಾನೆ’ ಎನ್ನುತ್ತಿವೆ. ಬರಹದಲ್ಲಿ ಎರಡರ ಅಚ್ಚೂ ಒಂದೇ. ಸಂಶಯ ಬಂದರೆ ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ ನೋಡಬೇಕು. ಮೊದಲನೆಯದು ‘ಮೂಸಾ ಮ ಫಾಂತಾ ಯೆ’ ಆಗುತ್ತದೆ, ಎರಡನೆಯದು ‘ಮೂಸಾ ತೆ ಚಿಕೆಲ ಯೆ’. ‘ಮ’ ಬಂದಲ್ಲಿ ಇದ್ದದ್ದು ಪೂರ್ಣರೂಪದ ‘ಯೆ’. ‘ತೆ’ ಬಂದಲ್ಲಿ ಅಲ್ಲ.